ಹೊಗೆಯಾಗಿ ಹೋದ ನಲವತ್ತು ಲೀಟರ್: ಹತ್ತು ಚಕ್ರದ ಲಾರಿಯೊಂದರ ಪ್ರಕರಣ

ಮಾಲೀಕರು ಹುಬ್ಬಳ್ಳಿಯ ನಮ್ಮ ವರ್ಕ್‌ಶಾಪಿಗೆ ಈ ಲಾರಿಯನ್ನು ತಂದದ್ದು ಚಾಲಕನ ಮೇಲಿನ ಅನುಮಾನದಿಂದ. ಮಂಗಳೂರಿಗೆ ಹೋಗಿ ಬರಲು ಮೊದಲು 195 ಲೀಟರ್ ಡೀಸೆಲ್ ಸಾಕಾಗುತ್ತಿತ್ತು. ಈಗ 240 ಲೀಟರ್ ಹತ್ತಿರ ಹೋಗುತ್ತಿದೆ. ನಡುವಿನ ನಲವತ್ತು ಚಿಲ್ಲರೆ ಲೀಟರ್ ದಾರಿಯಲ್ಲಿ ಯಾವುದೋ ಡಾಬಾದ ಹಿಂದೆ ಕ್ಯಾನಿಗೆ ಇಳಿಯುತ್ತಿದೆ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಟ್ಯಾಂಕಿನ ಮುಚ್ಚಳಕ್ಕೆ ಬೀಗ, ಕ್ಯಾಬಿನ್ನಿಗೆ ಜಿಪಿಎಸ್, ಎರಡೂ ಆಗಿದ್ದವು. ಬೀಗ ಹಾಕಿದ ಮೇಲೂ ಡೀಸೆಲ್ ಅಷ್ಟೇ ಹೋಗುತ್ತಿತ್ತು. ಆಗಲೂ ಅವರ ಅನುಮಾನ ಚಾಲಕನಿಂದ ಎಂಜಿನ್ನಿಗೆ ತಾನಾಗಿ ಸರಿಯಲಿಲ್ಲ. "ಒಂದು ಸಲ ಎಂಜಿನ್ ಸರಿಯಾಗಿದೆ ಎಂದು ನೀವೇ ಬರೆದುಕೊಡಿ, ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ" ಎಂದರು.

ಚಾಲಕ ಐವತ್ತೈದು ದಾಟಿದವರು. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆದೆ. ಅವರು ಹೇಳಿದ್ದು ಒಂದೇ ಮಾತು: "ಮೇಸ್ತ್ರೀ, ಡೀಸೆಲ್ ಮಾರಿ ಬದುಕುವವನಾಗಿದ್ದರೆ ಇಷ್ಟು ವರ್ಷ ಒಬ್ಬ ಸಾಹುಕಾರರ ಹತ್ತಿರವೇ ಏಕೆ ಇರುತ್ತಿದ್ದೆ?"

ಲಾರಿ 2518. ಈ ಸಂಖ್ಯೆ ಓದಲು ಬಂದರೆ ಅರ್ಧ ವಿವರ ಸಿಕ್ಕಂತೆಯೇ: ಸರಕು ಸೇರಿ ಒಟ್ಟು 25 ಟನ್ ತೂಕ, 180 ಅಶ್ವಶಕ್ತಿ. ಒಳಗಿರುವುದು ಜೆಮ್‌ಶೆಡ್‌ಪುರದಲ್ಲಿ ತಯಾರಾದ ಕಮ್ಮಿನ್ಸ್ ವಿನ್ಯಾಸದ 5.9 ಲೀಟರಿನ ಎಂಜಿನ್. ಆರು ಸಿಲಿಂಡರ್, 102 ಮಿ.ಮೀ. ಬೋರ್, 120 ಮಿ.ಮೀ. ಸ್ಟ್ರೋಕ್, ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್. ಡೀಸೆಲ್ ಪಂಪ್ ಪೂರ್ತಿ ಮೆಕ್ಯಾನಿಕಲ್. ಕಂಪ್ಯೂಟರಿನ ಸುಳಿವೂ ಇಲ್ಲ. ಗೇರ್ ಕೈಯಿಂದಲೇ ಹಾಕಬೇಕು. ಹೋಗುವಾಗ ಹಾವೇರಿ ಸೀಮೆಯ ಮೆಕ್ಕೆಜೋಳ, ಬರುವಾಗ ಮಂಗಳೂರಿನ ಪಣಂಬೂರಿನಿಂದ ಗೊಬ್ಬರ. ದಾರಿ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ಕರಾವಳಿ ಹೆದ್ದಾರಿ. ಹೋಗಿಬರಲು ಹೆಚ್ಚುಕಡಿಮೆ 740 ಕಿ.ಮೀ. ಲೀಟರಿಗೆ 3.8 ಕಿ.ಮೀ. ಇದ್ದ ಆವರೇಜ್ 3.1ಕ್ಕೆ ಇಳಿದಿತ್ತು ಎಂದರೆ ಟ್ರಿಪ್ಪಿಗೆ 44 ಲೀಟರ್ ಹೆಚ್ಚು. ಲೀಟರಿಗೆ 91 ರೂಪಾಯಿಯಂತೆ ನಾಲ್ಕು ಸಾವಿರ. 2025ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ. 18.44ರಿಂದ 21.17ಕ್ಕೆ ಏರಿತ್ತು, ಬಾಡಿಗೆ ಮಾತ್ರ ಏರಿರಲಿಲ್ಲ. ಒಂದೆರಡು ಲಾರಿ ಇಟ್ಟುಕೊಂಡವರಿಗೆ ಈ ನಾಲ್ಕು ಸಾವಿರವೇ ಲಾಭ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅದನ್ನು ತಿರುಗಿಸಿದ ದಿಕ್ಕು ಮಾತ್ರ ಸರಿ ಇರಲಿಲ್ಲ.

ಹಿಂದೆ ಆಗಿದ್ದೇನು

ಕೆದಕಿ ಕೇಳಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಆವರೇಜ್ ಇಳಿಯುವುದಕ್ಕೆ ಮೊದಲು ಪುಲ್ಲಿಂಗ್ ಇಳಿದಿತ್ತು. ಗೊಬ್ಬರ ತುಂಬಿಕೊಂಡು ಅರಬೈಲ್ ಏರುವಾಗ ಹಿಂದಿನಂತೆ ಎಳೆಯುತ್ತಿಲ್ಲ, ನಾಲ್ಕನೇ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಮೂರಕ್ಕೆ ಇಳಿಸಬೇಕಾಗುತ್ತಿದೆ ಎಂದು ಕಾಕಾ ಹೇಳಿದ್ದರು. ಮಾಲೀಕರು ಲಾರಿಯನ್ನು ಪಂಪ್ ರಿಪೇರಿಯವರೊಬ್ಬರ ಬಳಿಗೆ ಕಳಿಸಿದರು. ಅವರು ಪಂಪ್ ಬಿಚ್ಚಿ, ಟೆಸ್ಟ್ ಬೆಂಚಿನ ಮೇಲೆ ಏರಿಸಿ, ಆರೂ ಲೈನಿನಿಂದ ಬೀಳುವ ಡೀಸೆಲನ್ನು ಅಳತೆ ಕೊಳವೆಗಳಲ್ಲಿ ಸಮ ಮಾಡಿ, ಜೊತೆಗೆ ಒಟ್ಟು ಪ್ರಮಾಣವನ್ನೂ ಒಂದಷ್ಟು ಹೆಚ್ಚಿಸಿ ಕೊಟ್ಟರು. ಲಾರಿ ಎಳೆಯಿತು. ಎಲ್ಲರಿಗೂ ಖುಷಿ. ಹೊಗೆ ಸ್ವಲ್ಪ ಜಾಸ್ತಿಯಾಗಿದೆ ಎಂದಾಗ "ಪವರ್ ಬಂದರೆ ಹೊಗೆ ಬರುತ್ತದೆ" ಎಂಬ ಉತ್ತರ ಸಿಕ್ಕಿತು.

ನಮ್ಮ ಕಸುಬಿನಲ್ಲಿ ಇಷ್ಟು ಹಾನಿ ಮಾಡಿದ ಮಾತು ಇನ್ನೊಂದಿಲ್ಲ. ಡೀಸೆಲ್ ಎಂಜಿನ್ನಿನ ಕಪ್ಪು ಹೊಗೆ ಎಂದರೆ ಉರಿಯದೆ ಉಳಿದ ಇಂಗಾಲ. ಅದು ಹಣ ಕೊಟ್ಟು ಕೊಂಡು, ಪವರ್ ಆಗದೆ ಸೈಲೆನ್ಸರಿನಿಂದ ಹೊರಟುಹೋದ ಸರಕು. ಪಂಪಿನವರು ಕೆಟ್ಟ ಕೆಲಸ ಮಾಡಿದರು ಎಂದು ನಾನು ಹೇಳಲಾರೆ. ಬೆಂಚಿನ ಮೇಲೆ ಪಂಪ್ ಒಂದೇ ಇರುತ್ತದೆ; ಲಾರಿ ಇರುವುದಿಲ್ಲ, ಟರ್ಬೊ ಇರುವುದಿಲ್ಲ, ಘಟ್ಟವಂತೂ ಇರುವುದೇ ಇಲ್ಲ. ಪುಲ್ಲಿಂಗ್ ಏಕೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಪಂಪಿನ ಹೊರಗಿದ್ದರೆ ಅದು ಬೆಂಚಿನ ಮೇಲೆ ಸಿಗುವುದಿಲ್ಲ.

ಸ್ಪ್ಯಾನರ್ ಹಿಡಿಯುವ ಮುನ್ನ

ಆವರೇಜ್ ಇಳಿದ ಲಾರಿ ಬಂದಾಗ ನಾನು ಬಾನೆಟ್ ಕಡೆ ಹೋಗುವುದು ಕೊನೆಗೆ. ಮೊದಲು ಲೆಕ್ಕ ಸರಿಯಿದೆಯೇ ನೋಡಬೇಕು. ಅರ್ಧಂಬರ್ಧ ಟ್ಯಾಂಕ್, ಸಿಕ್ಕ ಸಿಕ್ಕ ಬಂಕಿನಲ್ಲಿ ತುಂಬಿಸಿದ ಚೀಟಿಗಳು, ಕಿಲೋಮೀಟರ್ ಮೀಟರಿನ ಬದಲು ಅಂದಾಜು ದೂರ, ಇವುಗಳಿಂದ ಹುಟ್ಟಿದ ಆವರೇಜಿಗೆ ಬೆಲೆ ಇಲ್ಲ. ಒಂದೇ ಬಂಕಿನಲ್ಲಿ, ಲಾರಿ ಒಂದೇ ಮಟ್ಟದಲ್ಲಿ ನಿಂತಾಗ, ಕತ್ತಿನವರೆಗೆ ತುಂಬಿಸಿ ಹೊರಟು ಅಲ್ಲಿಗೇ ಬಂದು ಮತ್ತೆ ಕತ್ತಿನವರೆಗೆ ತುಂಬಿಸಬೇಕು. ಈ ಮಾಲೀಕರು ಆ ವಿಷಯದಲ್ಲಿ ಶಿಸ್ತಿನವರು. ಸಂಖ್ಯೆ ನಂಬುವಂತಿತ್ತು.

ನಂತರ ಚಕ್ರಗಳು. ಊರ ಹೊರಗೆ ಒಂದು ಸುತ್ತು ಓಡಿಸಿ, ಬ್ರೇಕ್ ಹಿಡಿಯದೆ ಕೊನೆಯಲ್ಲಿ ನಿಧಾನ ಮಾಡಿ ನಿಲ್ಲಿಸಿ, ಪ್ರತಿ ಡ್ರಮ್ಮಿನ ಹತ್ತಿರ ಕೈ ಒಡ್ಡಿ ನೋಡಿದೆವು. ಹಿಂದಿನ ಎಡಗಡೆಯ ಒಂದು ಡ್ರಮ್ ಕೈ ಇಡಲಾಗದಷ್ಟು ಬಿಸಿ. ಬ್ರೇಕಿನ ಸಂದು ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಬಿಗಿಯಾಗಿ ಬ್ರೇಕ್ ಲೈನರ್ ಪೂರ್ತಿ ಹಿಂದಕ್ಕೆ ಬರುತ್ತಿರಲಿಲ್ಲ. ಟೈರುಗಳಲ್ಲಿ ಎರಡರ ಗಾಳಿ ಕಡಿಮೆ. ಇವು ಸಣ್ಣ ಕಳ್ಳರು. 44 ಲೀಟರ್ ಹೊತ್ತೊಯ್ಯುವ ತಾಕತ್ತು ಇವಕ್ಕಿರಲಿಲ್ಲ. ಕ್ಲಚ್ ಜಾರುತ್ತಿಲ್ಲ ಎಂಬುದನ್ನೂ ನೋಡಿಕೊಂಡೆವು: ಮೇಲಿನ ಗೇರಿನಲ್ಲಿ ಏರು ಹತ್ತುವಾಗ ಪೆಡಲ್ ಪೂರ್ತಿ ಒತ್ತಿದರೆ ವೇಗ ಏರದೆ ಎಂಜಿನ್ ಮಾತ್ರ ಕೂಗಿದರೆ ಪ್ಲೇಟ್ ಜಾರುತ್ತಿದೆ ಎಂದರ್ಥ. ಇಲ್ಲಿ ಹಾಗಾಗಲಿಲ್ಲ. ಏರ್ ಫಿಲ್ಟರ್ ಸಾಧಾರಣ ಕೊಳೆ.

ಪಂಪಿನ ಕಡೆ ಟಾರ್ಚ್ ಬಿಟ್ಟಾಗ ಗರಿಷ್ಠ ಡೀಸೆಲ್ ಎಷ್ಟೆಂದು ನಿಗದಿ ಮಾಡುವ ಫುಲ್ ಲೋಡ್ ಸ್ಕ್ರೂ ಇರುವ ಜಾಗದಲ್ಲಿ ತಂತಿಗೆ ಹಾಕಿದ ಸೀಸದ ಮುದ್ರೆ ಕಾಣಲಿಲ್ಲ. ತುಂಡಾದ ತಂತಿಯ ತುದಿ ಎಣ್ಣೆ ಮಣ್ಣಿನಲ್ಲಿ ಮೆತ್ತಿಕೊಂಡಿತ್ತು. ಲಾಕ್‌ನಟ್ಟಿನ ಅಂಚು ಹೊಸದಾಗಿ ಮಿನುಗುತ್ತಿತ್ತು.

ಬಿರುಕು ಸಿಕ್ಕ ಜಾಗ

ಟರ್ಬೊ ಇರುವ ಎಂಜಿನ್ನಿಗೆ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಅಳೆಯುವ ಮೀಟರ್ ಹಾಕದೆ ರೋಗ ಹೇಳುವುದು ನಾಡಿ ಹಿಡಿಯದೆ ಔಷಧ ಕೊಟ್ಟಂತೆ. ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಿಂದ ಒಂದು ಸಣ್ಣ ಪೈಪ್ ತೆಗೆದು ಕ್ಯಾಬಿನ್ ಒಳಗೆ ಮೀಟರ್ ಇಟ್ಟೆವು. ಟರ್ಬೊಗೆ ಮೊದಲು ಎಗ್ಸಾಸ್ಟಿನಲ್ಲಿ ತಾಪಮಾನದ ಪ್ರೋಬ್ ಕೂರಿಸಿದೆವು. ಲಾರಿ ಲೋಡಾಗಿಯೇ ಇತ್ತು. ಖಾಲಿ ಲಾರಿಯಲ್ಲಿ ಈ ಪರೀಕ್ಷೆಗೆ ಅರ್ಥವಿಲ್ಲ, ಏಕೆಂದರೆ ಟರ್ಬೊ ದುಡಿಯುವುದೇ ಭಾರ ಬಿದ್ದಾಗ. ಏರಿನಲ್ಲಿ, 1800 ಆರ್‌ಪಿಎಂ ಹತ್ತಿರ, ಪೆಡಲ್ ಪೂರ್ತಿ ಒತ್ತಿದಾಗ ಬೂಸ್ಟ್ 0.6 ಬಾರ್ ದಾಟಲಿಲ್ಲ. ಇಂಥ ಎಂಜಿನ್ನಿನಲ್ಲಿ ಅದು 1 ಬಾರ್ ದಾಟಲೇಬೇಕು. ಎಗ್ಸಾಸ್ಟ್ 720 ಡಿಗ್ರಿ ಸೆಲ್ಸಿಯಸ್. ಹಿಂದಿನ ಕನ್ನಡಿಯಲ್ಲಿ ರಸ್ತೆ ಕಾಣದಷ್ಟು ಹೊಗೆ.

ವಾಪಸ್ ಬಂದು ಟರ್ಬೊ ಶಾಫ್ಟಿನ ಆಟ ನೋಡಿದೆವು. ಸ್ವಲ್ಪ ಇತ್ತು, ಆತಂಕ ಪಡುವಷ್ಟಲ್ಲ. ಆಮೇಲೆ ಟರ್ಬೊದ ಗಾಳಿ ಬಾಯಿಗೆ ಬಿರಡೆ ಕೂರಿಸಿ, ಕಂಪ್ರೆಸರಿನಿಂದ ಹದವಾಗಿ ಗಾಳಿ ಬಿಟ್ಟು, ಪೈಪ್ ಜೋಡಣೆಗಳ ಮೇಲೆಲ್ಲ ಸೋಪಿನ ನೀರು ಸುರಿದೆವು. ಇಂಟರ್‌ಕೂಲರಿಗೆ ಹೋಗುವ ಕೆಳಗಿನ ರಬ್ಬರ್ ಹೋಸಿನಲ್ಲಿ, ಕ್ಲಾಂಪಿನ ಅಂಚಿಗೆ ಅಂಟಿಕೊಂಡಂತೆ ಒಂದು ಸೀಳು. ಎಂಜಿನ್ ನಿಂತಾಗ ಅದು ಕಣ್ಣಿಗೆ ಬೀಳುವುದಿಲ್ಲ, ಐಡ್ಲಿಂಗಿನಲ್ಲೂ ಮುಚ್ಚಿಕೊಂಡೇ ಇರುತ್ತದೆ. ಒಳಗೆ ಒತ್ತಡ ಏರಿದಂತೆ ತುಟಿ ಬಿಚ್ಚಿಕೊಂಡು ನೊರೆ ಉಕ್ಕಿತು. ಸುತ್ತಲೂ ಟರ್ಬೊದ ಎಣ್ಣೆಯ ಹನಿ ಧೂಳಿನೊಂದಿಗೆ ಸೇರಿ ಅಂಗೈಯಗಲದ ಕಪ್ಪು ಪದರ ಕಟ್ಟಿತ್ತು. ಇಂಟರ್‌ಕೂಲರ್ ಹೋಸಿನ ಹೊರಗೆ ಇಂಥ ಕಪ್ಪು ಕಂಡರೆ ಒಳಗಿನ ಗಾಳಿ ಹೊರಗೆ ಬರುತ್ತಿದೆ ಎಂದು ಹೇಳಲು ಯಾವ ಮೀಟರೂ ಬೇಕಿಲ್ಲ. ಆದರೆ ಅಲ್ಲಿ ಬಗ್ಗಿ ನೋಡಬೇಕು.

ಈಗ ಕತೆ ಪೂರ್ತಿಯಾಯಿತು. ಈ ಪಂಪಿನಲ್ಲಿ ಎಂಜಿನ್ನಿನ ವೇಗವನ್ನು ಹಿಡಿತದಲ್ಲಿಡುವ ಗವರ್ನರಿನ ಮೇಲೆ ಒಂದು ಡಯಾಫ್ರಂ ಡಬ್ಬಿ ಇರುತ್ತದೆ. ಮೆಕ್ಯಾನಿಕರು ಎಲ್‌ಡಿಎ ಎನ್ನುತ್ತಾರೆ. ಮ್ಯಾನಿಫೋಲ್ಡಿನ ಬೂಸ್ಟ್ ಸಣ್ಣ ಪೈಪಿನ ಮೂಲಕ ಅದಕ್ಕೆ ತಲುಪುತ್ತದೆ. ಗಾಳಿ ಹೆಚ್ಚಾದರೆ ಡಯಾಫ್ರಂ ಒತ್ತಿ, ಡೀಸೆಲ್ ಪ್ರಮಾಣ ಹೊಂದಿಸುವ ಸರಳಾದ ರ್‍ಯಾಕಿಗೆ ಮುಂದೆ ಹೋಗಲು ಅವಕಾಶ ಕೊಡುತ್ತದೆ, ಡೀಸೆಲ್ ಹೆಚ್ಚುತ್ತದೆ. ಗಾಳಿ ಕಡಿಮೆಯಾದರೆ ರ್‍ಯಾಕನ್ನು ತಡೆಯುತ್ತದೆ. ಹೋಸ್ ಸೀಳಿದಾಗ ಬೂಸ್ಟ್ ಬಿತ್ತು, ಎಲ್‌ಡಿಎ ತನ್ನ ಕೆಲಸ ಮಾಡಿ ಡೀಸೆಲನ್ನು ಹಿಡಿಯಿತು, ಪುಲ್ಲಿಂಗ್ ಇಳಿಯಿತು. ಪಂಪ್ ನಿಯತ್ತಿನಿಂದ ನಡೆದುಕೊಂಡಿತ್ತು. ಆ ನಿಯತ್ತನ್ನೇ ರೋಗವೆಂದು ತಿಳಿದು ಸ್ಕ್ರೂ ತಿರುಗಿಸಲಾಯಿತು. ಇಲ್ಲದ ಗಾಳಿಯ ಜಾಗಕ್ಕೆ ಡೀಸೆಲ್ ಸುರಿಯಲಾಯಿತು.

ಗಾಳಿಯ ಲೆಕ್ಕ

ಮಾಲೀಕರು ಲೆಕ್ಕದ ಮನುಷ್ಯ; ಹಾಗಾಗಿ ಅವರ ಎದುರು ಲೆಕ್ಕ ಹಾಕಿ ತೋರಿಸಿದೆ. 5.9 ಲೀಟರಿನ ಎಂಜಿನ್ 1800 ಸುತ್ತು ತಿರುಗುವಾಗ ನಿಮಿಷಕ್ಕೆ 900 ಸಲ ಪೂರ್ತಿ ಉಸಿರೆಳೆಯುತ್ತದೆ. ಬೂಸ್ಟ್ 1.2 ಬಾರ್ ಇದ್ದು, ಇಂಟರ್‌ಕೂಲರ್ ಗಾಳಿಯನ್ನು ತಣಿಸಿ ಕೊಟ್ಟರೆ ಒಳಗೆ ಹೋಗುವ ಗಾಳಿ ನಿಮಿಷಕ್ಕೆ ಸುಮಾರು 11 ಕಿಲೊ. ಬೂಸ್ಟ್ 0.6 ಆದರೆ 8 ಕಿಲೊ. ಆ ವೇಗದಲ್ಲಿ ಪೂರ್ತಿ ಭಾರ ಎಳೆಯಲು ನಿಮಿಷಕ್ಕೆ ಬೇಕಾದ ಡೀಸೆಲ್ 430 ಗ್ರಾಂ ಆಸುಪಾಸು. ಅಂದರೆ ಆರೋಗ್ಯವಾಗಿದ್ದಾಗ ಒಂದು ಕಿಲೊ ಡೀಸೆಲಿಗೆ 25 ಕಿಲೊ ಗಾಳಿ ಸಿಗುತ್ತಿತ್ತು. ಪುಸ್ತಕದ ಲೆಕ್ಕಕ್ಕೆ 14.5 ಕಿಲೊ ಸಾಕು. ಆದರೆ ಸಿಲಿಂಡರಿನೊಳಗೆ ಡೀಸೆಲ್ ಹನಿ ಗಾಳಿಯನ್ನು ಹುಡುಕಿ ಸೇರಲು ಸಿಗುವುದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. ಹಾಗಾಗಿ ನಿಜ ಜೀವನದಲ್ಲಿ 18–20ಕ್ಕಿಂತ ಕೆಳಗೆ ಹೋದರೆ ಹೊಗೆ ಶುರು. ಗಾಳಿ 8 ಕಿಲೊಗೆ ಇಳಿದು, ಡೀಸೆಲ್ 500 ಗ್ರಾಂಗೆ ಏರಿದರೆ ಸಿಗುವುದು 16.

ಈ 16ರಲ್ಲೂ ಪವರ್ ಒಂದಿಷ್ಟು ಬರುತ್ತದೆ ಎಂಬುದೇ ಮೋಸ. ಕೊನೆಯ ಎಪ್ಪತ್ತು ಗ್ರಾಂ ಡೀಸೆಲ್ ಮೊದಲಿನ ಎಪ್ಪತ್ತು ಗ್ರಾಂನಷ್ಟು ಕೆಲಸ ಮಾಡುವುದಿಲ್ಲ. ಅರ್ಧ ಹೊಗೆಯಾಗುತ್ತದೆ, ಉಳಿದದ್ದು ತಡವಾಗಿ, ಪಿಸ್ಟನ್ ಕೆಳಗಿಳಿಯುತ್ತಿರುವಾಗ ಉರಿದು ಎಗ್ಸಾಸ್ಟನ್ನು ಕಾಯಿಸುತ್ತದೆ. 720 ಡಿಗ್ರಿಯ ಮೂಲ ಅದೇ. ಅಷ್ಟು ಶಾಖದಲ್ಲಿ ದಿನವೂ ಘಟ್ಟ ಹತ್ತಿದರೆ ಪಿಸ್ಟನ್ ತಲೆ, ರಿಂಗು, ಎಗ್ಸಾಸ್ಟ್ ವಾಲ್ವ್, ಟರ್ಬೊ ಎಲ್ಲವೂ ಒಂದೊಂದಾಗಿ ಬಿಲ್ಲು ಕಳಿಸುತ್ತವೆ. ಮಸಿ ಎಂಜಿನ್ ಆಯಿಲಿಗೂ ಇಳಿಯುತ್ತದೆ. ಇನ್ನು ಕಾನೂನಿನ ಮಾತು: ಈ ಪೀಳಿಗೆಯ ಡೀಸೆಲ್ ವಾಹನಕ್ಕೆ ಹೊಗೆ ತಪಾಸಣೆಯಲ್ಲಿ ದಟ್ಟಣೆಯ ಮಿತಿ 65 ಹಾರ್ಟ್‌ರಿಜ್ ಘಟಕ. ನಿಂತಲ್ಲೇ ಪೆಡಲ್ ಒತ್ತಿ ಮಾಡುವ ಆ ಪರೀಕ್ಷೆ ಪಾಸಾಯಿತೆಂದು ಘಟ್ಟದಲ್ಲೂ ಲಾರಿ ಶುದ್ಧವಾಗಿದೆ ಎಂದು ನಂಬಬಾರದು. ಅಲ್ಲಿ ಭಾರವಿಲ್ಲ.

ಘಟ್ಟದ ಲೆಕ್ಕ ಇನ್ನೂ ಸರಳ. ಯಲ್ಲಾಪುರ ಸಮುದ್ರಮಟ್ಟದಿಂದ 500 ಮೀಟರಿಗಿಂತ ಎತ್ತರದಲ್ಲಿದೆ. 25 ಟನ್ ತೂಕವನ್ನು 500 ಮೀಟರ್ ಎತ್ತಲು ಬೇಕಾದ ಶಕ್ತಿ 122 ಮೆಗಾಜೂಲ್. ಒಂದು ಲೀಟರ್ ಡೀಸೆಲಿನಲ್ಲಿ 36 ಮೆಗಾಜೂಲ್ ಇದ್ದರೂ ಒಳ್ಳೆಯ ಎಂಜಿನ್ ಅದರಲ್ಲಿ ಶೇ. 38ರಷ್ಟನ್ನು ಮಾತ್ರ ಕೆಲಸವಾಗಿ ಕೊಡುತ್ತದೆ. ಗೇರ್‌ಬಾಕ್ಸ್, ಡಿಫರೆನ್ಶಿಯಲ್ ನಷ್ಟ ಸೇರಿಸಿದರೆ ಎತ್ತುವುದಕ್ಕೇ ಹತ್ತು ಲೀಟರ್. ಇದನ್ನು ಯಾವ ಮೇಸ್ತ್ರಿಯೂ ಉಳಿಸಿಕೊಡಲಾರ. ಹಾಗೆಯೇ 180 ಅಶ್ವಶಕ್ತಿಗೆ ಶೇ. 5ರ ಏರಿನಲ್ಲಿ 25 ಟನ್ ಎಳೆಯಲು ಸಾಧ್ಯವಿರುವ ಗರಿಷ್ಠ ವೇಗ ಗಂಟೆಗೆ ಮೂವತ್ತರೊಳಗೆ. "ಐವತ್ತರಲ್ಲಿ ಹತ್ತಬೇಕು" ಎಂದು ಯಾರಾದರೂ ಬಯಸಿದರೆ ಅವರು ಬೇರೆ ಲಾರಿ ಕೊಳ್ಳಬೇಕು, ಸ್ಕ್ರೂ ತಿರುಗಿಸಬಾರದು.

ಒಂದೊಂದಾಗಿ ಮಾಡಿದ ಕೆಲಸ

ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಗುಣ ಬಂತು ಎಂದು ತಿಳಿಯುವುದಿಲ್ಲ. ಆದರೆ ಒಂದೊಂದಾಗಿ ಮಾಡುವುದು ಮಾಲೀಕರಿಗೆ ಒಪ್ಪಿಗೆಯಾಗಲಿಲ್ಲ. ಲಾರಿ ನಿಂತಷ್ಟು ದಿನ ಕಂತು ನಿಲ್ಲುವುದಿಲ್ಲವಲ್ಲ. ಲಾರಿ ಓಡುತ್ತಲೇ ಇರಲಿ, ಪ್ರತಿ ಸಲ ಬಂದಾಗ ಒಂದು ಕೆಲಸ ಎಂದು ರಾಜಿಯಾಯಿತು.

ಮೊದಲು ಹೋಸ್ ಮತ್ತು ಎರಡೂ ಕ್ಲಾಂಪ್ ಮಾತ್ರ ಬದಲಾಯಿಸಿದೆವು. ಬೂಸ್ಟ್ 1.2ರ ಮೇಲೆ ಹೋಯಿತು, ಹೊಗೆ ಅರ್ಧಕ್ಕಿಂತ ಕಡಿಮೆಯಾಯಿತು. ಆದರೆ ಆವರೇಜ್ 3.3ಕ್ಕೆ ಮಾತ್ರ ಏರಿತು. ಕಾರಣ ಊಹಿಸುವಂಥದ್ದೇ: ಈಗ ಗಾಳಿಯೂ ಇದೆ, ಹೆಚ್ಚುವರಿ ಡೀಸೆಲೂ ಇದೆ. ಲಾರಿ ಕಂಪನಿ ಕೊಟ್ಟದ್ದಕ್ಕಿಂತ ಜೋರಾಗಿ ಎಳೆಯುತ್ತಿತ್ತು. ಕಾಕಾ ಆ ವಾರ ತುಂಬ ಸಂತೋಷದಲ್ಲಿದ್ದರು ಎಂಬುದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ.

"ಹೀಗೇ ಬಿಟ್ಟುಬಿಡಿ" ಎಂದು ಮಾಲೀಕರೂ ಹೇಳಿದರು. ಇಲ್ಲಿ ನಾನು ಪಟ್ಟು ಹಿಡಿದೆ. ಕ್ಲಚ್ ಪ್ಲೇಟ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಎಲ್ಲವೂ ಒಂದು ತಿರುಚು ಬಲಕ್ಕೆ ಲೆಕ್ಕ ಹಾಕಿ ಮಾಡಿದವು. ಮ್ಯಾನ್ಯುಯಲ್ ಗೇರಿನ ಲಾರಿಯಲ್ಲಿ ಎಂಜಿನ್ನಿಗೆ ಕೊಟ್ಟ ಹೆಚ್ಚುವರಿ ಬಲವನ್ನು ಮೊದಲು ಹೊರುವುದು ಕ್ಲಚ್. ಅರ್ಧ ಕ್ಲಚ್ಚಿನಲ್ಲಿ ಲೋಡ್ ಲಾರಿಯನ್ನು ಏರಿನಲ್ಲಿ ಎಬ್ಬಿಸುವಾಗ ಅದು ಸುಟ್ಟ ವಾಸನೆಯ ಮೂಲಕ ತನ್ನ ದೂರು ಹೇಳುತ್ತದೆ. ಕ್ಲಚ್ ಸೆಟ್ಟಿನ ಬೆಲೆಯಲ್ಲಿ ಎಷ್ಟು ಡೀಸೆಲ್ ಬರುತ್ತದೆ ಎಂದು ಕೇಳಿದಾಗ ಮಾಲೀಕರು ಸುಮ್ಮನಾದರು.

ಎರಡನೆಯದು ಪಂಪ್ ಮತ್ತು ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್. ಪಂಪನ್ನು ಬೇರೆ ಕಡೆ ಬೆಂಚಿಗೆ ಏರಿಸಿ, ತಯಾರಕರ ಚಾರ್ಟಿನ ಪ್ರಕಾರ ಫುಲ್ ಲೋಡ್ ಮತ್ತು ಎಲ್‌ಡಿಎ ಎರಡನ್ನೂ ಹಿಂದಿನ ಜಾಗಕ್ಕೆ ತಂದು, ಹೊಸ ಸೀಸದ ಮುದ್ರೆ ಹಾಕಿಸಿದೆವು. ಆರು ನಾಜಲ್‌ಗಳಲ್ಲಿ ಎರಡು ತುದಿಯಲ್ಲಿ ಹನಿ ಕಟ್ಟುತ್ತಿದ್ದವು. ಒಳ್ಳೆಯ ನಾಜಲ್ ಕೈಪಂಪಿನ ಮೇಲೆ ಕರಕರ ಎಂದು ಸದ್ದು ಮಾಡಿ ಮಂಜಿನಂತೆ ಚಿಮ್ಮಬೇಕು, ಒತ್ತಡ ಬಿಟ್ಟ ಕೂಡಲೇ ತುದಿ ಒಣಗಿರಬೇಕು. ಹನಿ ಕಟ್ಟಿದ ಡೀಸೆಲ್ ಉರಿಯುವುದಿಲ್ಲ, ಬೇಯುತ್ತದೆ. ಎಂಜಿನ್ ತಣ್ಣಗಿದ್ದಾಗ ಟ್ಯಾಪೆಟ್ (ವಾಲ್ವಿನ ಸಂದು) ಸೆಟ್ ಮಾಡಿದೆವು: ಇನ್‌ಲೆಟ್ 0.25 ಮಿ.ಮೀ., ಎಗ್ಸಾಸ್ಟ್ 0.51. ಇದಾದ ಮೇಲೆ ಆವರೇಜ್ 3.7. ಎಗ್ಸಾಸ್ಟ್ ತಾಪಮಾನ ಅದೇ ಏರಿನಲ್ಲಿ 610.

ಟೈಮಿಂಗ್, ಅಂದರೆ ಡೀಸೆಲ್ ಚಿಮ್ಮುವ ಹೊತ್ತಿನ ಬಗ್ಗೆ ಒಂದು ಮಾತು. "ಪಂಪನ್ನು ಎರಡು ಡಿಗ್ರಿ ಮುಂದೆ ಹಾಕಿ, ಡೀಸೆಲ್ ಉಳಿಯುತ್ತದೆ" ಎಂದು ಯಾರೋ ಮಾಲೀಕರ ಕಿವಿಯಲ್ಲಿ ಊದಿದ್ದರು. ಈ ಮಾತು ಪೂರ್ತಿ ಸುಳ್ಳಲ್ಲ ಎಂಬುದೇ ಕಷ್ಟ. ಡೀಸೆಲನ್ನು ಸ್ವಲ್ಪ ಮುಂಚೆ ಚಿಮ್ಮಿಸಿದರೆ ಉರಿ ಸರಿಯಾದ ಹೊತ್ತಿಗೆ ಏರಿ ಮೈಲೇಜ್ ಕೊಂಚ ಹೆಚ್ಚಬಹುದು. ಬೆಲೆಯಾಗಿ ಸಿಲಿಂಡರಿನ ಒತ್ತಡ ಏರುತ್ತದೆ, ಹೆಡ್ ಗ್ಯಾಸ್ಕೆಟಿಗೆ ಹೊಡೆತ ಬೀಳುತ್ತದೆ, ನೈಟ್ರೋಜನ್ ಆಕ್ಸೈಡ್ ಹೆಚ್ಚುತ್ತದೆ. ಅಮೆರಿಕದಲ್ಲಿ ಇದೇ ಆಸೆಗೆ ದೊಡ್ಡ ದೊಡ್ಡವರೇ ಬಿದ್ದಿದ್ದರು. ಕ್ಯಾಟರ್‌ಪಿಲ್ಲರ್, ಕಮ್ಮಿನ್ಸ್, ಡೆಟ್ರಾಯಿಟ್ ಡೀಸೆಲ್, ಮ್ಯಾಕ್, ನ್ಯಾವಿಸ್ಟಾರ್, ರೆನೊ, ವೋಲ್ವೊ ಕಂಪನಿಗಳ ಟ್ರಕ್ ಎಂಜಿನ್ನುಗಳಲ್ಲಿ ಹೆದ್ದಾರಿಯ ಸಮವೇಗದ ಓಟದ ಹೊತ್ತಿಗೆ ಡೀಸೆಲ್ ಉಳಿಸಲು ಕಂಪ್ಯೂಟರ್ ಟೈಮಿಂಗ್ ಬದಲಿಸುತ್ತಿತ್ತು, ಪರೀಕ್ಷೆಯ ಹೊತ್ತಿಗೆ ಮಾತ್ರ ಶುದ್ಧವಾಗಿರುತ್ತಿತ್ತು ಎಂದು ಅಲ್ಲಿನ ಸರ್ಕಾರ ಆರೋಪಿಸಿತು. 1998ರ ಅಕ್ಟೋಬರಿನಲ್ಲಿ ಆದ ಒಪ್ಪಂದದಲ್ಲಿ ದಂಡವೇ 8 ಕೋಟಿ 34 ಲಕ್ಷ ಡಾಲರ್. ನಮ್ಮ ಲಾರಿಯ ಪಂಪಿನ ಟೈಮಿಂಗ್ ಪಿನ್ ಹಾಕಿ ನೋಡಿದೆವು, ಸರಿ ಜಾಗದಲ್ಲೇ ಇತ್ತು. ಮುಟ್ಟಲಿಲ್ಲ.

ಗೇರ್ ಹಿಡಿದ ಕೈ

3.7ರಿಂದ ಮೇಲಕ್ಕೆ ಹೋಗಲು ಸ್ಪ್ಯಾನರಿನಿಂದ ಸಾಧ್ಯವಿರಲಿಲ್ಲ. ಕಾಕಾ ಜೊತೆ ಕಲಘಟಗಿವರೆಗೆ ಕೂತು ಹೋದೆ. ಅವರು ಕಿವಿಯಿಂದ ಓಡಿಸುವವರು. ಕಸುಬು ಕಲಿತದ್ದು ಟರ್ಬೊ ಇಲ್ಲದ 1210 ಲಾರಿಯಲ್ಲಿ. ಆ ಎಂಜಿನ್ ಕೂಗದೆ ಎಳೆಯುತ್ತಿರಲಿಲ್ಲ. ಹಾಗಾಗಿ ಪ್ರತಿ ಗೇರಿನಲ್ಲೂ ಗವರ್ನರ್ ತಡೆಯುವವರೆಗೆ ಎತ್ತಿ, ಆಮೇಲೆ ಮುಂದಿನ ಗೇರ್. ಟಾಪ್ ಗೇರಿನಲ್ಲಿ ಎಪ್ಪತ್ತೈದು. ಆರ್‌ಪಿಎಂ ಮೀಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಅದು ಕೆಟ್ಟು ಎಷ್ಟೋ ಕಾಲವಾಗಿದೆ ಎಂದರು. ರಿಪೇರಿ ಮಾಡಿಸಲು ಯಾರೂ ಕೇಳಿರಲಿಲ್ಲ, ಯಾರೂ ಕೊಟ್ಟಿರಲಿಲ್ಲ.

ಟರ್ಬೊ ಎಂಜಿನ್ನಿನ ಎಳೆತ ಇರುವುದು 1300ರಿಂದ 1700ರ ನಡುವೆ. ಅಲ್ಲಿ ಪೆಡಲ್ ಚೆನ್ನಾಗಿ ಒತ್ತಿ ಓಡಿಸಿದಾಗ ಒಂದು ಯೂನಿಟ್ ಕೆಲಸಕ್ಕೆ ಡೀಸೆಲ್ ಅತಿ ಕಡಿಮೆ. 2300ರಲ್ಲಿ ಅದೇ ಕೆಲಸಕ್ಕೆ ಶೇಕಡಾ ಹತ್ತು ಹದಿನೈದರಷ್ಟು ಹೆಚ್ಚು ಹೋಗುತ್ತದೆ, ಏಕೆಂದರೆ ಎಂಜಿನ್ ತನ್ನ ಒಳಗಿನ ತಿಕ್ಕಾಟಕ್ಕೇ ಅಷ್ಟನ್ನು ತಿನ್ನುತ್ತದೆ. ಈ ಲಾರಿಯ ಹಿಂದಿನ ಆಕ್ಸಲಿನ ಗೇರುಗಳಲ್ಲಿ ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 7. ಚಕ್ರ ಒಂದು ಸುತ್ತಿಗೆ 3.2 ಮೀಟರ್ ಸಾಗುತ್ತದೆ. ಟಾಪ್ ಗೇರಿನಲ್ಲಿ ಗಂಟೆಗೆ 75 ಎಂದರೆ 2300 ಸುತ್ತು. 60 ಎಂದರೆ 1830. 52 ಎಂದರೆ 1590. ಜೊತೆಗೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಸಡಿಲ ತಾಡಪಾಲು ಬಡಿಯುತ್ತಿದ್ದರೆ ಇನ್ನೂ ಹೆಚ್ಚು.

ಮೀಟರ್ ರಿಪೇರಿ ಮಾಡಿಸಿ, ಗಾಜಿನ ಮೇಲೆ 1300ರಿಂದ 1800ರವರೆಗೆ ಹಸಿರು ಟೇಪ್ ಅಂಟಿಸಿದೆವು. ಇಡೀ ಪ್ರಕರಣದಲ್ಲಿ ಅತಿ ಅಗ್ಗದ ಕೆಲಸ ಇದೇ. "ಕಾಕಾ, ಮುಳ್ಳು ಹಸಿರಿನಲ್ಲಿ ಇರಲಿ. ಹಸಿರಿನ ಕೆಳಗೆ ಪೆಡಲ್ ತುಳಿಯಬೇಡಿ" ಎಂದೆ. ಎರಡನೆಯ ವಾಕ್ಯವನ್ನು ಬಹಳ ಮಂದಿ ಮರೆಯುತ್ತಾರೆ. ಆವರೇಜ್ ಬೇಕೆಂದು 1000 ಸುತ್ತಿನಲ್ಲಿ ಮೇಲಿನ ಗೇರಿನಲ್ಲೇ ತಿಣುಕಿಸಿದರೆ ಟರ್ಬೊಗೆ ಗಾಳಿ ಇಲ್ಲ, ಮತ್ತೆ ಹೊಗೆ, ಗೇರ್‌ಬಾಕ್ಸಿಗೆ ಬಡಿತ. ಘಟ್ಟ ಹತ್ತುವಾಗ 1400ಕ್ಕೆ ಇಳಿಯುವ ಮುಂಚೆಯೇ ಒಂದು ಗೇರ್ ಇಳಿಸಬೇಕು. ಮುಂಚೆ ಇಳಿಸಿದವನು ಒಂದೇ ಗೇರ್ ಇಳಿಸುತ್ತಾನೆ, ತಡ ಮಾಡಿದವನು ಎರಡು.

ಇಳಿಯುವ ವಿಚಾರಕ್ಕೆ ನಾನು ದನಿ ಏರಿಸಬೇಕಾಯಿತು. ಅರಬೈಲ್ ಇಳಿಜಾರಿನಲ್ಲಿ ಅವಕಾಶ ಸಿಕ್ಕಲ್ಲಿ ನ್ಯೂಟ್ರಲ್ ಮಾಡುವುದು ಹಳೆಯ ಅಭ್ಯಾಸ. ಡೀಸೆಲ್ ಉಳಿತಾಯವೆಂಬ ನಂಬಿಕೆ. ಗೇರಿನಲ್ಲಿದ್ದು ಪೆಡಲ್ ಬಿಟ್ಟರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಗವರ್ನರ್ ರ್‍ಯಾಕನ್ನು ಪೂರ್ತಿ ಹಿಂದಕ್ಕೆ ಎಳೆಯುತ್ತದೆ, ಡೀಸೆಲ್ ಸೊನ್ನೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಐಡ್ಲಿಂಗಿಗೆ ಬಂದು ಗಂಟೆಗೆ ಒಂದೂವರೆ ಎರಡು ಲೀಟರ್ ಕುಡಿಯಲು ಶುರು ಮಾಡುತ್ತದೆ. 25 ಟನ್ನನ್ನು ಹಿಡಿಯುವ ಹೊಣೆ ಡ್ರಮ್ಮುಗಳ ಮೇಲೆ ಬೀಳುತ್ತದೆ, ಕಾದ ಡ್ರಮ್ ಹಿಡಿಯುವುದಿಲ್ಲ. ಅಂದರೆ ಪ್ರಾಣ ಪಣಕ್ಕಿಟ್ಟು ಡೀಸೆಲನ್ನೂ ಕಳೆದುಕೊಳ್ಳುವ ವ್ಯಾಪಾರ. ಕಾಕಾ ಕೇಳಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. "ಇದನ್ನು ನಮಗೆ ಯಾರೂ ಹೇಳಿರಲಿಲ್ಲ ಮೇಸ್ತ್ರೀ" ಎಂದರು. ಲೈಸೆನ್ಸ್ ಕೊಡುವಾಗ ಹೇಳಬೇಕಿದ್ದ ಮಾತು ಇದು.

ಬ್ರೇಕ್ ಸರಿಪಡಿಸಿ, ಟೈರುಗಳಿಗೆ ಗಾಳಿ ಹಾಕಿ, ಹಸಿರು ಟೇಪಿನೊಳಗೆ ಓಡಿಸಿದ ಮೇಲೆ ಆವರೇಜ್ 4.0ಕ್ಕೆ ಬಂದು ಅಲ್ಲೇ ನಿಂತಿದೆ. ಟ್ರಿಪ್ಪಿಗೆ 185 ಲೀಟರ್. ಘಟ್ಟದಲ್ಲಿ ಈಗ ನಾಲ್ಕನೇ ಗೇರ್ ಮರಳಿದೆ. ಪ್ರಯಾಣದ ಒಟ್ಟು ಸಮಯ ಹೆಚ್ಚಾಗಿದೆ ಎಂದು ಮಾಲೀಕರ ದೂರು. ಕರಾವಳಿ ಹೆದ್ದಾರಿಯಲ್ಲಿ 75ರ ಬದಲು 55–60ರಲ್ಲಿ ಹೋಗುವುದರಿಂದ ಅದು ನಿಜ. ಉಳಿತಾಯದಲ್ಲಿ ಒಂದು ಪಾಲು ಚಾಲಕನಿಗೆ ಕೊಡಿ, ಆ ಹೆಚ್ಚಿನ ಸಮಯ ಯಾರಿಗೂ ಭಾರವಾಗುವುದಿಲ್ಲ ಎಂದೆ. ಕೊಡಲು ಶುರು ಮಾಡಿದ್ದಾರೆ. ಹಿಂದಿನ ಅನುಮಾನಕ್ಕೆ ಕ್ಷಮೆ ಕೇಳಿದರೋ ಇಲ್ಲವೋ, ಅದು ಅವರಿಬ್ಬರ ನಡುವಿನ ವಿಷಯ. ನಾನು ಬರೆದುಕೊಟ್ಟ ಕಾಗದದಲ್ಲಿ ಹೋಸಿನ ಬಿರುಕಿನ ಅಳತೆ ಮತ್ತು ಬೂಸ್ಟಿನ ಎರಡು ಅಂಕಿ ಮಾತ್ರ ಇವೆ.

ಮಾಲೀಕರ ಹತ್ತಿರ ಇನ್ನೊಂದು ಲಾರಿ ಇದೆ, ಹೊಸ ಹೊಗೆ ನಿಯಮದ (ಬಿಎಸ್-6) ಕಂಪ್ಯೂಟರ್ ಎಂಜಿನ್ನಿನದು. ಅದಕ್ಕೆ "ಮ್ಯಾಪ್ ಬದಲಿಸಿ ಪವರ್ ಮತ್ತು ಮೈಲೇಜ್ ಎರಡೂ ಹೆಚ್ಚಿಸಿಕೊಡುತ್ತೇವೆ" ಎಂದು ಲ್ಯಾಪ್‌ಟಾಪ್ ಹಿಡಿದ ಒಬ್ಬರು ಬಂದಿದ್ದರಂತೆ. ಆ ಎಂಜಿನ್ನಿನಲ್ಲಿ ಸ್ಕ್ರೂ ಮಾಡುವ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಗಾಳಿಯ ಲೆಕ್ಕ ಬದಲಾಗುವುದಿಲ್ಲ. ಡೀಸೆಲ್ ಹೆಚ್ಚಿಸಿದರೆ ಮಸಿ ಹಿಡಿಯುವ ಫಿಲ್ಟರ್ ಬೇಗ ಕಟ್ಟುತ್ತದೆ, ಯೂರಿಯಾ ದ್ರಾವಣದ ವ್ಯವಸ್ಥೆಯನ್ನು ಮುಚ್ಚಿಸಿದರೆ ಕಾನೂನು ಮತ್ತು ವಾರಂಟಿ ಎರಡೂ ಕೈಬಿಡುತ್ತವೆ. ಆ ಲಾರಿಯ ಡ್ಯಾಶ್‌ಬೋರ್ಡಿನಲ್ಲಿ ಖಾಲಿ, ಅರ್ಧ ಲೋಡ್, ಪೂರ್ತಿ ಲೋಡ್ ಎಂದು ಮೂರು ಸ್ಥಾನದ ಸ್ವಿಚ್ಚನ್ನು ಕಂಪನಿಯೇ ಕೊಟ್ಟಿದೆ. ನೋಡಿದಾಗ ಅದು ಖಾಲಿ ಓಡುವಾಗಲೂ ಪೂರ್ತಿ ಲೋಡಿನಲ್ಲೇ ಇತ್ತು.

2518ರಲ್ಲಿ ಒಂದು ಕೆಲಸ ಬಾಕಿ ಇದೆ. ಹೆಚ್ಚು ಡೀಸೆಲಿನಲ್ಲಿ ಓಡಿದ ತಿಂಗಳುಗಳು ರಿಂಗುಗಳ ಮೇಲೆ ಗುರುತು ಬಿಟ್ಟಿವೆ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಮೊದಲಿಗಿಂತ ಜೋರಾಗಿ ಉಗಿ ಬರುತ್ತದೆ, ಎರಡು ಟ್ರಿಪ್ಪಿಗೊಮ್ಮೆ ಆಯಿಲ್ ಮಟ್ಟ ನೋಡಬೇಕಾಗಿದೆ. ಮಳೆಗಾಲದಲ್ಲಿ ಬಾಡಿಗೆ ಕಡಿಮೆಯಾದಾಗ ಹೆಡ್ ಇಳಿಸಿ ನೋಡುವುದೆಂದು ಮಾತಾಗಿದೆ.